ದನದ ಗೊರಸು, ಸೈಕಲ್ಲಿನ ಗಾಲಿ

ಬೈಸಿಕಲ್ಲನ್ನು ಏರಿ ಹೋಗುವವರಿದ್ದಾರೆ. ಅದನ್ನು ಹೆಗಲಿಗೇರಿಸಿಕೊಂಡು ಹೋಗುವವರೂ ಇದ್ದಾರೆ. ಈ ಎರಡನೆಯ ಪಂಥದವರ ಚರಿತ್ರೆಯನ್ನು ಹುಡುಕುತ್ತ ಹೊರಟರೆ ನಾವು ಉತ್ತರ ವೇಲ್ಸಿನ ಬರ್ವಿನ್ ಬೆಟ್ಟಗಳಿಗೆ ಬಂದು ಸೇರುತ್ತೇವೆ. ಪೂರ್ವಕ್ಕೆ ಲಾನಾರ್ಮನ್ ಎಂಬ ಹಳ್ಳಿ, ಪಶ್ಚಿಮಕ್ಕೆ ಡೀ ನದಿಯ ಬಯಲು. ನಡುವೆ ಸುಮಾರು 1,900 ಅಡಿ ಎತ್ತರದಲ್ಲಿ ಒಂದು ಘಟ್ಟ. ನೆತ್ತಿಯ ಮೇಲಿನದು ಇಂಗ್ಲಿಷರು ‘ಮೂರ್’ ಎನ್ನುವ ನೆಲ: ಮರವಿಲ್ಲ, ಕಣ್ಣು ಹಾಯುವವರೆಗೂ ಹೆದರ್ ಎಂಬ ಕುರುಚಲು, ಕಾಲಿಟ್ಟರೆ ಕುಸಿಯುವ ಕಪ್ಪು ಜೌಗು.

ಇಂಥಲ್ಲಿ ದಾರಿ ಮಾಡಿದವರು ಯಾರು? ಇಂಜಿನಿಯರುಗಳಲ್ಲ, ದನಗಳು. ವೇಲ್ಸಿನ ಕರಿಯ ದನಗಳನ್ನು ನೂರಾರು ಮೈಲಿ ನಡೆಸಿ ಇಂಗ್ಲೆಂಡಿನ ಸಂತೆಗಳಿಗೆ ಮಾರಲು ಒಯ್ಯುವುದೇ ಒಂದು ಕಸುಬಾಗಿತ್ತು. ಹೆದ್ದಾರಿಯಲ್ಲಿ ಸುಂಕದ ಕಟ್ಟೆ. ತಲೆಯೆಣಿಸಿ ಕಾಸು ಕೊಡಬೇಕು. ಆದ್ದರಿಂದ ದನ ಹೊಡೆಯುವವರು ಆದಷ್ಟೂ ಬೆಟ್ಟವನ್ನೇ ಹಿಡಿದರು. ದೂರದ ನಡಿಗೆಗೆಂದು ದನಗಳಿಗೂ ಲಾಳ ಕಟ್ಟಿಸುತ್ತಿದ್ದರು. ಗೊರಸು ಸೀಳಿರುವುದರಿಂದ ಕಾಲಿಗೆ ಎರಡರಂತೆ ಒಂದು ದನಕ್ಕೆ ಎಂಟು ಲಾಳ! ಹೆಬ್ಬಾತುಗಳನ್ನು ಹೊಡೆದುಕೊಂಡು ಹೋಗುವಾಗ ಅವುಗಳನ್ನು ಮೊದಲು ಟಾರಿನಲ್ಲಿಯೂ ಆಮೇಲೆ ಮರಳಿನಲ್ಲಿಯೂ ನಡೆಸುತ್ತಿದ್ದರಂತೆ. ಆ ಬಾತುಗಳ ಮುಖಭಾವವನ್ನು ಯಾರೂ ಬರೆದಿಟ್ಟಿಲ್ಲವೆಂಬುದು ನನಗೊಂದು ಕೊರತೆಯೇ. ಹತ್ತೊಂಬತ್ತನೆಯ ಶತಮಾನದ ನಡುವೆ ರೈಲು ಬಂದಿತು, ಕಸುಬು ಮುಗಿಯಿತು, ದಾರಿ ಉಳಿಯಿತು.

1919ರ ಮಾರ್ಚ್ ತಿಂಗಳಲ್ಲಿ, ಹಿಮ ಬಿದ್ದಿದ್ದಾಗ, ಈ ಘಟ್ಟವನ್ನು ಬೈಸಿಕಲ್ಲಿನೊಡನೆ ದಾಟಿದವನು ಡಬ್ಲ್ಯು. ಎಂ. ರಾಬಿನ್ಸನ್, ‘ವೇಫೇರರ್’, ಎಂದರೆ ದಾರಿಹೋಕ, ಎಂಬ ಹೆಸರಿನಿಂದ ಬರೆಯುತ್ತಿದ್ದವನು. ಮಹಾಯುದ್ಧದಲ್ಲಿ ಗಾಯಗೊಂಡು ಮರಳಿದ್ದ ಮನುಷ್ಯ. ಅದೇ ಮೇ ತಿಂಗಳಲ್ಲಿ ‘ಸೈಕ್ಲಿಂಗ್’ ಪತ್ರಿಕೆಯಲ್ಲಿ ಬಂದ ಅವನ ಲೇಖನದ ಹೆಸರು ‘ಓವರ್ ದಿ ಟಾಪ್’. ಕಂದಕದಿಂದ ಮೇಲೆ ಹತ್ತಿ ಗುಂಡಿಗೆ ಎದೆಯೊಡ್ಡುವುದಕ್ಕೆ ಸೈನಿಕರು ಹೇಳುತ್ತಿದ್ದ ಮಾತದು. ಅದೇ ಮಾತನ್ನು ಅವನು ಹಿಮದ ಬೆಟ್ಟವೊಂದನ್ನು ಸುಮ್ಮನೆ, ಸಂತೋಷಕ್ಕಾಗಿ, ದಾಟುವುದಕ್ಕೆ ಬಳಸಿದ. ಇದನ್ನು ಬರಿಯ ಚಮತ್ಕಾರವೆಂದು ನಾನು ಎಣಿಸಲಾರೆ. ಕೊಲ್ಲುವ ನೆಲದಿಂದ ಒಂದು ನುಡಿಯನ್ನು ಬಿಡಿಸಿಕೊಂಡು ತಂದಂತೆ ನನಗೆ ಕಾಣುತ್ತದೆ.

ಅದೇ 1919ರಲ್ಲಿ ಬ್ರಿಟನ್ ಅರಣ್ಯ ಆಯೋಗವನ್ನು ಸ್ಥಾಪಿಸಿತು. ಯುದ್ಧ ದೇಶದ ಮರವನ್ನೆಲ್ಲ ನುಂಗಿತ್ತು. ಬೋಳು ಬೆಟ್ಟಗಳಲ್ಲಿ ಅಮೆರಿಕದ ಪಶ್ಚಿಮ ತೀರದಿಂದ ತಂದ ಸಿಟ್ಕಾ ಸ್ಪ್ರೂಸ್ ಮೊದಲಾದ ಮರಗಳನ್ನು ಸಾಲುಸಾಲಾಗಿ ನೆಟ್ಟರು. ಇಂದು ಬರ್ವಿನ್ನಿನಿಂದ ಪಶ್ಚಿಮಕ್ಕೆ ಇಳಿದು ಕನ್ವಿಡ್ ಹಳ್ಳಿಯ ಕಡೆಗೆ ಹೋಗುವ ಸವಾರನಿಗೆ ಸಿಕ್ಕುವುದು ಇಂಥ ನೆಟ್ಟ ಕಾಡು. ಕಾಡಿಗಿಂತ ದಾರಿಗೇ ವಯಸ್ಸು ಹೆಚ್ಚು.

1955ರಲ್ಲಿ ಲೆಮ್‌ಸ್ಟರ್ ಊರಿನ ಒಂದು ಹೋಟೆಲಿನಲ್ಲಿ ಕೆಲವರು ಕೂಡಿ ‘ರಫ್ ಸ್ಟಫ್ ಫೆಲೋಷಿಪ್’ ಎಂಬ ಸಂಘ ಕಟ್ಟಿದರು. ಡಾಂಬರು ಬಿಟ್ಟ ದಾರಿಯಲ್ಲೇ ಸೈಕಲ್ ತುಳಿಯುವವರ ಸಂಘ. ದಪ್ಪ ಟೈರಿನ ‘ಮೌಂಟನ್ ಬೈಕು’ ಕ್ಯಾಲಿಫೋರ್ನಿಯದಲ್ಲಿ ಹುಟ್ಟಲು ಇನ್ನೂ ಎರಡು ದಶಕಗಳಿದ್ದವು. ಇವರದು ಸಾಮಾನ್ಯ ಸೈಕಲ್ಲು. ಮರುವರ್ಷ ವೇಫೇರರ್ ತೀರಿಕೊಂಡ. 1957ರಲ್ಲಿ ಘಟ್ಟದ ನೆತ್ತಿಯಲ್ಲಿ ಅವನ ನೆನಪಿಗೆ ಫಲಕವಿಟ್ಟರು. ಹತ್ತಿಬಂದವರು ಹೆಸರು ಬರೆಯಲೆಂದು ಪೆಟ್ಟಿಗೆಯೊಳಗೆ ಒಂದು ಪುಸ್ತಕ.

ಆದರೆ ಕಾನೂನಿನ ಕಣ್ಣಿಗೆ ಇವರು ಯಾರು? 1879ರಲ್ಲಿ ನ್ಯಾಯಾಲಯವೊಂದು, ಅಡ್ಡಾದಿಡ್ಡಿ ವೇಗದಿಂದ ಹೋದ ಸವಾರನೊಬ್ಬನ ಮೊಕದ್ದಮೆಯಲ್ಲಿ, ಬೈಸಿಕಲ್ಲು ಗಾಡಿಯೇ ಎಂದಿತು. 1888ರ ಕಾಯಿದೆ ಅದನ್ನೇ ಶಾಸನಮಾಡಿತು. ಗಾಡಿಯೆಂದಮೇಲೆ ರಸ್ತೆ ಸಿಕ್ಕಿತು, ನಿಜ. ಆದರೆ ಕಾಲುದಾರಿ, ಕುದುರೆದಾರಿಗಳ ಮೇಲೆ ಗಾಡಿಗೆ ಹಕ್ಕೆಲ್ಲಿಯದು? 1968ರ ಗ್ರಾಮಾಂತರ ಕಾಯಿದೆ ಇಂಗ್ಲೆಂಡ್ ಮತ್ತು ವೇಲ್ಸಿನ ಕುದುರೆದಾರಿಗಳನ್ನು ಸೈಕಲ್ಲಿಗೂ ತೆರೆಯಿತು. ನಡೆಯುವವರಿಗೂ ಕುದುರೆಯವರಿಗೂ ಎಡೆಗೊಡಬೇಕೆಂಬ ಷರತ್ತು. ಸೈಕಲ್ಲಿಗೆ ಅನುಕೂಲವಾಗುವಂತೆ ದಾರಿ ಮಾಡಿಕೊಡುವ ಹೊಣೆ ಯಾರಿಗೂ ಇಲ್ಲವೆಂದೂ ಅದರಲ್ಲಿದೆ. ಹೋಗುವೆಯಾದರೆ ಹೋಗು, ಕೆಸರೆಂದು ದೂರಬೇಡ! ಹೆಗಲ ಮೇಲೆ ಹೊರುವ ಪಂಥದವರಿಗೆ ಇದಕ್ಕಿಂತ ಒಪ್ಪುವ ಶಾಸನವನ್ನು ಯಾರು ಬರೆದಾರು?

2000ದ ಕಾಯಿದೆ ಬಂದಾಗ ದಾರಿ ಬಿಟ್ಟು ಮೂರ್ ನೆಲದಲ್ಲಿ ಅಲೆಯುವ ಹಕ್ಕು ದೊರೆತದ್ದು ನಡೆಯುವವನಿಗೆ ಮಾತ್ರ. ಜೌಗು ಮಣ್ಣು ಗಾಲಿಗೆ ಬೇಗ ಸೀಳುತ್ತದೆ, ನೆಲಕ್ಕೆ ಗೂಡು ಕಟ್ಟುವ ಹಕ್ಕಿಗಳೂ ಇವೆ; ಆ ಭಯ ಸುಳ್ಳಲ್ಲ. ಆದರೂ ಬೆಟ್ಟಕ್ಕೆ ಹೆಚ್ಚು ನೋವು ಕೊಡುವವನು ಸಾವಧಾನದಿಂದ ಹೋಗುವ ಸವಾರನೆಂದು ನನಗೆ ತೋರುವುದಿಲ್ಲ. ಸ್ಕಾಟ್ಲೆಂಡ್ 2003ರಲ್ಲಿ ಬೇರೆ ಬಗೆ ಮಾಡಿತು: ಹೊಣೆಯರಿತು ನಡೆದುಕೊಳ್ಳುವುದಾದರೆ ಕಾಲಿಗೂ ಗಾಲಿಗೂ ಅಲ್ಲಿ ಒಂದೇ ಹಕ್ಕು.