ದಫ್ತರಗಳಲ್ಲಿ ನಮ್ಮ ಮನೆತನ

ನಾಡಿನ ಇತಿಹಾಸವನ್ನರಿಯಲು ಶಿಲಾಶಾಸನ, ತಾಮ್ರಪಟಗಳು ಆಧಾರವೆಂಬುದು ಎಲ್ಲರಿಗೂ ತಿಳಿದ ಮಾತು. ಆದರೆ ಅವುಗಳಲ್ಲಿ ನಮಗೆ ದೊರೆಯುವ ಹೆಸರುಗಳು ಹೆಚ್ಚಾಗಿ ಅರಸರವು, ದಂಡನಾಯಕರವು, ದಾನ ಕೊಟ್ಟವರವು, ಪಡೆದವರವು. ನಮ್ಮ ನಿಮ್ಮಂಥ ಸಾಮಾನ್ಯ ಮನೆತನಗಳ ಇತಿಹಾಸವೆಲ್ಲಿದೆ? ಅದು ಬಹುಮಟ್ಟಿಗೆ ತಾಲೂಕು ಕಚೇರಿಯ ದಫ್ತರದ ಕೋಣೆಯಲ್ಲಿ, ಬಟ್ಟೆಯ ಗಂಟುಗಳೊಳಗೆ ಮಲಗಿದೆ. ಹಿಂದೆಯೂ ಕಡತಗಳಿದ್ದವು, ಶಾನುಭೋಗರ ಲೆಕ್ಕಗಳಿದ್ದವು. ಆದರೆ ಹೊಲಹೊಲಕ್ಕೂ ಒಂದು ಸಂಖ್ಯೆಯಿಟ್ಟು, ಅದರ ಮುಂದೆ ಒಬ್ಬ ಮನುಷ್ಯನ ಹೆಸರನ್ನು ಬರೆದು, ಅವನು ತೀರಿಕೊಂಡಾಗ ವಾರಸುದಾರನ ಹೆಸರನ್ನು ಹಚ್ಚುವ ಪದ್ಧತಿಯು ವ್ಯಾಪಕವಾಗಿ ನೆಲೆಗೊಂಡದ್ದು ಆಂಗ್ಲರ ಆಳಿಕೆಯಲ್ಲಿ. ಈ ಕಾಗದಗಳನ್ನು ಅವರು ನಮ್ಮ ವಂಶದ ಮೇಲಿನ ಪ್ರೀತಿಯಿಂದ ಬರೆಯಿಸಲಿಲ್ಲ. ಕಂದಾಯ ಕೊಡತಕ್ಕವನು ಯಾರೆಂದು ತಿಳಿಯುವುದಕ್ಕಾಗಿ ಬರೆಯಿಸಿದರು. ಇದನ್ನು ನೆನಪಿನಲ್ಲಿಟ್ಟುಕೊಂಡು ಓದಿದವನಿಗೆ ಅವು ಬಹಳ ಹೇಳುತ್ತವೆ. ಮರೆತವನಿಗೆ ದಾರಿ ತಪ್ಪಿಸುತ್ತವೆ.

ಉಕ್ಕಿನ ಮಾರುಕಟ್ಟೆ, ಲಾರಿ ಸಾಗಣೆ, ಹೋಟೆಲು, ನೌಕರಿ ಎಂದು ನಾನಾ ಕಾರಣಗಳಿಂದ ಕಳಂಬೋಲಿಯಲ್ಲಿ ಬಂದು ನೆಲಸಿದ ಕನ್ನಡ ಕುಟುಂಬಗಳ ಮೂಲ ಒಂದೇ ಸೀಮೆಯದಲ್ಲ. ಆದುದರಿಂದ ಹುಡುಕುವವನು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯಿದು: ನಮ್ಮ ಊರು 1956ರ ನವೆಂಬರ 1ಕ್ಕೆ ಮೊದಲು ಯಾವ ಸರಕಾರದ ಕೆಳಗಿತ್ತು? ಬೆಳಗಾವಿ, ಧಾರವಾಡ, ವಿಜಾಪುರ ಜಿಲ್ಹೆಗಳು ಮುಂಬಯಿ ಇಲಾಖೆಯಲ್ಲಿದ್ದವು. 1862ರಲ್ಲಿ ಉತ್ತರ ಕನ್ನಡವೂ ಅದಕ್ಕೆ ಸೇರಿತು. ದಕ್ಷಿಣ ಕನ್ನಡ, ಬಳ್ಳಾರಿಗಳು ಮದರಾಸಿಗೆ ಸೇರಿದ್ದವು. ಕಲಬುರ್ಗಿ, ರಾಯಚೂರು, ಬೀದರಗಳು ನಿಜಾಮನ ಆಳಿಕೆಯಲ್ಲಿದ್ದು, ಅಲ್ಲಿಯ ಹಳೆಯ ಕಾಗದಗಳನ್ನು ಓದಲು ಉರ್ದು ಬಲ್ಲವರು ಬೇಕು. ಮೈಸೂರಿನಲ್ಲಿ 1863ರಿಂದ ಮುಂಬಯಿ ಪದ್ಧತಿಯ ಸರ್ವೆಯೇ ನಡೆಯಿತು. ಊರು ಒಂದೇ ಕರ್ನಾಟಕದಲ್ಲಿದ್ದರೂ ಕಾಗದದ ಭಾಷೆ ಬೇರೆ, ಲಿಪಿ ಬೇರೆ, ಲೆಕ್ಕದ ಕ್ರಮ ಬೇರೆ.

ವಾರಸಿನ ಕಾಗದವೆಂದರೆ ಒಣ ವಿಷಯವೆಂದು ಯಾರೂ ಭಾವಿಸಬಾರದು. ಕಿತ್ತೂರಿನ ರಾಣಿ ಚೆನ್ನಮ್ಮನ ಯುದ್ಧಕ್ಕೆ ಮೂಲ ಒಂದು ದತ್ತಕದ ಕಾಗದ. 1824ರಲ್ಲಿ ದೇಸಾಯಿ ಶಿವಲಿಂಗರುದ್ರಸರ್ಜನು ತೀರಿಕೊಂಡಾಗ, ಅವನು ಮಾಡಿಕೊಂಡ ದತ್ತಕವನ್ನು ಧಾರವಾಡದ ಕಲೆಕ್ಟರ ಥ್ಯಾಕರೆ ಸಂಶಯಿಸಿ ಒಪ್ಪದೆಹೋದನು. ಅದೇ ಅಕ್ಟೋಬರ 23ರಂದು ಕಿತ್ತೂರಿನ ಕೋಟೆಯ ಮುಂದೆ ಪ್ರಾಣವನ್ನು ಕಳೆದುಕೊಂಡನು. 1858ರಲ್ಲಿ ನರಗುಂದದ ಬಾಬಾಸಾಹೇಬನು ದಂಗೆಯೆದ್ದುದಕ್ಕೂ ದತ್ತಕದ ನಿರಾಕರಣೆಯೇ ಒಂದು ಮುಖ್ಯ ಕಾರಣ. ಆಗ ಕೊಲ್ಲಲ್ಪಟ್ಟ ಪೊಲಿಟಿಕಲ್ ಏಜಂಟ ಮ್ಯಾನ್ಸನ್ ಮೊದಲು ಇನಾಮು ಕಮಿಶನ್ನಿನ ಅಧಿಕಾರಿಯಾಗಿದ್ದವನು.

ಈ ಇನಾಮು ಕಮಿಶನ್ ಯಾವುದು? ಪೇಶವೆಯರೇ ಮೊದಲಾದವರ ಕಾಲದಿಂದ ಕರಮುಕ್ತವಾಗಿ ನಡೆದುಬಂದ ಭೂಮಿಗಳ ಹಕ್ಕನ್ನು ಪರೀಕ್ಷಿಸಲು ಧಾರವಾಡ, ಬೆಳಗಾವಿಗಳ ಕಡೆಗೆ 1843ರಲ್ಲಿ ವಿಚಾರಣೆ ಆರಂಭವಾಯಿತು. 1852ರ ಕಾಯಿದೆಯಿಂದ ಅದಕ್ಕೆ ಪೂರ್ಣ ಅಧಿಕಾರ ಬಂದಿತು. ಇನಾಮುದಾರನು ತನ್ನ ಸನದನ್ನೂ ವಂಶಾವಳಿಯನ್ನೂ ಒಪ್ಪಿಸಿ, ಭೂಮಿ ಯಾರಿಗೆ, ಯಾವಾಗ, ಯಾವ ಸೇವೆಗಾಗಿ ಬಂದಿತೆಂದು ಕೈಫಿಯತ್ತು ಬರೆದುಕೊಡಬೇಕಾಗಿತ್ತು. ಸಾಧಿಸಲಾರದವರ ಇನಾಮುಗಳು ಹೋದವು. ಎಷ್ಟೋ ಮನೆಗಳಿಗೆ ಇದು ದೊಡ್ಡ ಪೆಟ್ಟಾಯಿತು; ಆದರೆ ಮನೆಯಲ್ಲಿ ಗೆದ್ದಲು ತಿನ್ನಬಹುದಾಗಿದ್ದ ವಂಶಾವಳಿಯೊಂದು ಸರಕಾರದ ದಫ್ತರದಲ್ಲಿ ಉಳಿದುಕೊಂಡಿತು. ಆ ಕಾಲದ ಕಾಗದಗಳು ಬಹುವಾಗಿ ಮೋಡಿ ಲಿಪಿಯ ಮರಾಠಿಯಲ್ಲಿವೆ. ಪುಣೆಯ ಪೇಶವೆ ದಫ್ತರದಲ್ಲಿ ಅವುಗಳ ದೊಡ್ಡ ಸಂಗ್ರಹವಿದೆ. ಕನ್ನಡದ ಹೆಸರುಗಳು ಮರಾಠಿ ಕಾರಕೂನನ ಕೈಯಲ್ಲಿ ರೂಪ ಬದಲಿಸಿದ್ದುಂಟು. ಗೌಡನು ಪಾಟೀಲನಾಗಿ, ಶಾನುಭೋಗನು ಕುಲಕರ್ಣಿಯಾಗಿ ಕಂಡರೆ ಬೇರೆ ಮನೆತನವೆಂದು ತಿಳಿಯಬಾರದು.

ಇನಾಮು ಇಲ್ಲದ ರೈತನ ಮನೆತನಕ್ಕೆ ಆಧಾರ ಸರ್ವೆ. ವಿಂಗೇಟ್, ಗೋಲ್ಡ್‌ಸ್ಮಿಡ್ ಎಂಬ ಅಧಿಕಾರಿಗಳು 1835ರ ಸುಮಾರಿಗೆ ಪುಣೆ ಜಿಲ್ಹೆಯ ಇಂದಾಪುರದಲ್ಲಿ ಆರಂಭಿಸಿದ ಈ ಪದ್ಧತಿ 1840ರ ದಶಕದಲ್ಲಿ ಧಾರವಾಡದ ಕಡೆಗೆ ಬಂದಿತು. ಹೊಲಕ್ಕೆ ಸರ್ವೆ ನಂಬರು, 40 ಗುಂಟೆಗೆ ಒಂದು ಎಕರೆ, ಆಕಾರಕ್ಕೆ 30 ವರ್ಷಗಳ ಮುದ್ದತು. ಈ ನಂಬರುಗಳೇ ಒಂದು ವಂಶವೃಕ್ಷ. ಮುತ್ತಜ್ಜನ ಹೆಸರಿನಲ್ಲಿ 45ನೆಯ ನಂಬರಿತ್ತೆಂದು ಇಟ್ಟುಕೊಳ್ಳೋಣ; ಮೂವರು ಮಕ್ಕಳು ಪಾಲಾದಾಗ ಅದು 45ರ 1, 2, 3ನೆಯ ಹಿಸ್ಸೆಗಳಾಗುತ್ತದೆ; ಮೊಮ್ಮಕ್ಕಳ ಕಾಲಕ್ಕೆ ಅವೂ ಒಡೆಯುತ್ತವೆ. ಯಾವ ಇಸವಿಯಲ್ಲಿ ಹಿಸ್ಸೆಯಾಯಿತೆಂದು ನೋಡಿದರೆ, ಅಣ್ಣತಮ್ಮಂದಿರು ಎಂದಿನವರೆಗೆ ಒಂದೇ ಒಲೆಯಲ್ಲಿ ಉಂಡಿರಬಹುದೆಂಬುದರ ಸುಳಿವೂ ಸಿಗುತ್ತದೆ.

1903ರಲ್ಲಿ ಮುಂಬಯಿ ಸರಕಾರವು ಹಕ್ಕು ದಾಖಲೆಯ ಕಾಯಿದೆಯನ್ನು ಮಾಡಿತು. 1913ರಲ್ಲಿ ಅದನ್ನು ಭೂಕಂದಾಯದ ಸಂಹಿತೆಯೊಳಗೆ ಸೇರಿಸಲಾಯಿತು. ಅಂದಿನಿಂದ ಖರೀದಿ, ಅಡವು, ವಾಟಣಿ, ವಾರಸಾ ಯಾವುದೇ ಇರಲಿ, ಹಕ್ಕು ಪಡೆದವನು ಮೂರು ತಿಂಗಳೊಳಗೆ ತಲಾಟಿಗೆ ವರದಿ ಕೊಡಬೇಕೆಂದಾಯಿತು. ಇದನ್ನು ಬರೆಯುವ ವಹಿಗೆ ಮರಾಠಿಯಲ್ಲಿ ಫೇರಫಾರ ಎನ್ನುತ್ತಾರೆ. ಇಂಥವನು ಇಂಥ ದಿನ ಮಯತನಾದನು, ಅವನಿಗೆ ಇಷ್ಟು ಮಕ್ಕಳು, ಹೆಂಡತಿ ಇಂಥವಳು ಎಂಬ ನಾಲ್ಕು ಸಾಲಿನ ನೋಂದಣಿ ಅದರಲ್ಲಿರುತ್ತದೆ. ಉತಾರೆಯಲ್ಲಿ ಬರಿಯ ಹೆಸರಿದ್ದರೆ, ಈ ವಹಿಯಲ್ಲಿ ಸಂಬಂಧ ಸಿಗುತ್ತದೆ. ಆದುದರಿಂದ ಉತಾರೆಯಷ್ಟನ್ನೇ ತೆಗೆಸಿಕೊಂಡು ತೃಪ್ತರಾಗದೆ, ಅದರಲ್ಲಿ ಸುತ್ತು ಹಾಕಿದ ನೋಂದಣಿ ಸಂಖ್ಯೆಗಳನ್ನು ಹಿಡಿದು ಹಿಂದೆ ಹಿಂದೆ ಹೋಗಬೇಕು.

ಇಲ್ಲಿ ಪರಸ್ಥಳದ ನಮಗೆ ತಾಗುವ ಒಂದು ಸಂಗತಿಯಿದೆ. ಒಟ್ಟು ಕುಟುಂಬದ ಜಮೀನನ್ನು ಊರಿನಲ್ಲಿದ್ದ ಹಿರಿಯನೊಬ್ಬನ ಹೆಸರಿಗೆ ‘ಏಕತ್ರ ಕುಟುಂಬದ ಮ್ಯಾನೇಜರ’ ಎಂದು ಹಚ್ಚುವ ರೂಢಿಯಿತ್ತು. ಮುಂಬಯಿಯ ಗಿರಣಿಗೋ ಹೋಟೆಲಿಗೋ ಬಂದ ತಮ್ಮನ ಹೆಸರು ಅಲ್ಲಿ ಬರೆಯಲ್ಪಡದೆ ಉಳಿದುದುಂಟು. ಅವನು ತಿಂಗಳು ತಿಂಗಳು ಕಳಿಸಿದ ಮನಿಯಾರ್ಡರಿನಿಂದಲೇ ಕಂದಾಯ ತುಂಬಿರಬಹುದು. ವಹಿಯಲ್ಲಿ ಮಾತ್ರ ಅವನಿಲ್ಲ. ಮೊಮ್ಮಗನು ಕಾಗದ ತೆಗೆಸಿ ಅಜ್ಜನ ಹೆಸರು ಕಾಣದೆ, ‘ಅಜ್ಜನಿಗೆ ಊರಿನಲ್ಲಿ ಏನೂ ಇರಲಿಲ್ಲ’ ಎಂದು ತಿಳಿದರೆ ಅದು ತಪ್ಪು ತಿಳಿವಳಿಕೆ. ಕಂದಾಯದ ನೋಂದಣಿಯು ಹಕ್ಕನ್ನು ಹುಟ್ಟಿಸುವುದಿಲ್ಲ, ಅಳಿಸುವುದೂ ಇಲ್ಲ. ಹಾಗೆಂದು ಇತಿಹಾಸ ಹುಡುಕಲು ಹೋದವನು ವ್ಯಾಜ್ಯ ಹೂಡಲು ಬಂದನೆಂಬ ಭಾವನೆಯನ್ನು ಊರಿನ ದಾಯಾದಿಗಳಲ್ಲಿ ಹುಟ್ಟಿಸಬಾರದು. ಬಂದ ಕಾರಣವನ್ನು ಮೊದಲೇ ಹೇಳಿಕೊಳ್ಳುವುದು ಮೇಲು.

ಹೆಣ್ಣುಮಕ್ಕಳ ಮಾತಂತೂ ಇನ್ನೂ ಕಠಿಣ. ಪಾಟೀಲಿಕೆ, ಕುಲಕರ್ಣಿಕೆಗಳಂಥ ವತನಗಳಿಗೆ 1874ರಲ್ಲಿ ಕಾಯಿದೆಯಾಯಿತು. 1886ರ ತಿದ್ದುಪಡಿಯು, ಕೊನೆಯ ವತನದಾರನ ವಿಧವೆಯನ್ನು ಬಿಟ್ಟರೆ, ಮನೆತನದ ಉಳಿದ ಸ್ತ್ರೀಯರನ್ನೂ ಅವರ ಮೂಲಕ ಹಕ್ಕು ಕೇಳುವವರನ್ನೂ ಅರ್ಹರಾದ ಎಲ್ಲ ಪುರುಷರ ಹಿಂದೆ ನಿಲ್ಲಿಸಿತು. ಅಂಥ ವಂಶಾವಳಿಯಲ್ಲಿ ಮಗಳ ಹೆಸರು ಕಾಣದಿದ್ದರೆ ಆ ಮನೆಯಲ್ಲಿ ಮಗಳು ಹುಟ್ಟಲಿಲ್ಲವೆಂದಲ್ಲ. ಬರೆಯುವ ಕಾರಣ ಕಾರಕೂನನಿಗೆ ಇರಲಿಲ್ಲ.

ದಕ್ಷಿಣ ಕನ್ನಡದ ಅಳಿಯಸಂತಾನದ ಮನೆಗಳಲ್ಲಿ ಸಂಗತಿ ತಿರುಗಾಮುರುಗಾ. ಅಲ್ಲಿ ವರ್ಗ ಭೂಮಿಯು ಕುಟುಂಬದ ಯಜಮಾನನ ಹೆಸರಿನಲ್ಲಿದ್ದರೂ ಅವನ ಮಕ್ಕಳು ಆ ಕುಟುಂಬದವರಲ್ಲ. ಅವರು ತಮ್ಮ ತಾಯಿಯ ಕುಟುಂಬದವರು. ತಂದೆಯ ತಂದೆಯನ್ನು ಹುಡುಕುತ್ತ ಹೋದರೆ ಪ್ರತಿ ತಲೆಮಾರಿಗೂ ಬೇರೆ ಮನೆಯ ಬಾಗಿಲು ಸಿಗುತ್ತದೆ. ಅಜ್ಜಿ, ಅಜ್ಜಿಯ ಸೋದರ, ಅಜ್ಜಿಯ ತಾಯಿ, ಹೀಗೆ ಹುಡುಕಬೇಕು. ಪಾಲು ಕೇಳುವ ಹಕ್ಕನ್ನು ಮದರಾಸಿನ 1949ರ ಕಾಯಿದೆಯು ಕವರುಗಳಿಗೆ ಕೊಟ್ಟ ಮೇಲೆ ಆದ ಪಾಲುಪತ್ರಗಳಲ್ಲಿ ಹೆಂಗಸರ, ಮಕ್ಕಳ ಹೆಸರುಗಳು ಸಾಲಾಗಿ ದೊರೆಯುತ್ತವೆ. ಅವು ಬಹು ಬೆಲೆಯುಳ್ಳ ಕಾಗದಗಳು.

ಇನ್ನು ಗೇಣಿ ಒಕ್ಕಲು. ಮೂಲಗೇಣಿದಾರನಿಗೆ ಚೀಟು ಇರುತ್ತಿತ್ತು. ಚಾಲಗೇಣಿಯವನು ತಲೆಮಾರುಗಟ್ಟಲೆ ಉತ್ತರೂ ಹಳೆಯ ವರ್ಗದ ಲೆಕ್ಕದಲ್ಲಿ ಹೆಸರು ಕಾಣುವುದು ಅಪರೂಪ. ಇಂಥ ಎಷ್ಟೋ ಕುಟುಂಬಗಳಿಗೆ ಮೊದಲನೆಯ ಗಟ್ಟಿ ದಾಖಲೆಯೆಂದರೆ, ಕರ್ನಾಟಕದ ಭೂಸುಧಾರಣೆಯ ತಿದ್ದುಪಡಿ 1974ರ ಮಾರ್ಚ 1ರಂದು ಜಾರಿಗೆ ಬಂದ ಮೇಲೆ ಸಲ್ಲಿಸಿದ ಡಿಕ್ಲರೇಶನ್. ಎಷ್ಟು ವರ್ಷಗಳಿಂದ, ಯಾರ ಕಾಲದಿಂದ ಉಳುತ್ತಿದ್ದೇವೆಂದು ಭೂನ್ಯಾಯಮಂಡಲಿಯ ಮುಂದೆ ಕೊಟ್ಟ ಹೇಳಿಕೆಯೇ ಆ ಮನೆತನದ ಚರಿತ್ರೆ. ಸ್ವಂತ ಭೂಮಿಯೂ ಗೇಣಿಯೂ ಇಲ್ಲದೆ ಕೂಲಿ ಮಾಡಿದವರಿಗೆ ಅದೂ ಇಲ್ಲ. ಅವರ ಚರಿತ್ರೆ ಹಿರಿಯರ ನೆನಪಿನಲ್ಲಿ ಮಾತ್ರ ಇದೆ.

ನಾವು ನಿಂತ ನೆಲದ ಕಡೆಗೂ ಒಮ್ಮೆ ನೋಡೋಣ. ಈ ಕಳಂಬೋಲಿ ಮುಂಬಯಿ ಇಲಾಖೆಯ ಕೊಲಾಬಾ ಜಿಲ್ಹೆಯ ಒಂದು ಹಳ್ಳಿ. ಆ ಜಿಲ್ಹೆಗೆ 1981ರಲ್ಲಿ ರಾಯಗಡವೆಂಬ ಹೆಸರಾಯಿತು. ಧಾರವಾಡದ ಹೊಲವನ್ನು ಬರೆದ ಪದ್ಧತಿಯಲ್ಲಿಯೇ ಇಲ್ಲಿಯ ಭತ್ತದ ಗದ್ದೆಗಳನ್ನೂ ಬರೆಯಲಾಗಿತ್ತು. ದಿನವೂ ಕಿವಿಗೆ ಬೀಳುವ ‘ಸಾತ್‌ಬಾರಾ’ ಎಂಬುದು ಹಕ್ಕಿನ 7ನೆಯ ಮತ್ತು ಬೆಳೆಯ 12ನೆಯ ಗ್ರಾಮ ನಮೂನೆಗಳ ಜೋಡಿ. 1970ರಲ್ಲಿ ಸಿಡ್ಕೊ ಸ್ಥಾಪನೆಯಾಗಿ 95 ಹಳ್ಳಿಗಳ ನೆಲ ಹೊಸ ನಗರಕ್ಕೆ ಗೊತ್ತಾದಾಗ, ಪರಿಹಾರಕ್ಕೂ, ಮುಂದೆ ಹೋರಾಟದ ಫಲವಾಗಿ ಬಂದ ಶೇಕಡಾ 12.5ರ ಜಾಗಕ್ಕೂ, ಇಲ್ಲಿಯ ರೈತರು ತೋರಿಸಬೇಕಾದುದು ಆ ಹಳೆಯ ವಹಿಗಳ ಹೆಸರನ್ನೇ. ಕಾಗದದಲ್ಲಿ ಅಜ್ಜನಿರುವುದಕ್ಕೂ ಇಲ್ಲದಿರುವುದಕ್ಕೂ ಎಷ್ಟು ಅಂತರವೆಂಬುದನ್ನು ನಮ್ಮ ನೆರೆಯ ಮರಾಠಿ ಬಂಧುಗಳು ಅನುಭವದಿಂದ ಬಲ್ಲರು.

ಹಾಗಾದರೆ ಆರಂಭವೆಲ್ಲಿಂದ? ಮನೆಯ ಟ್ರಂಕಿನಿಂದ. ಕಂದಾಯದ ಪಾವತಿ, ವಾಟಣಿ ಪತ್ರ, ಶಾಲೆಯ ದಾಖಲೆ, ಏನಿದ್ದರೂ ಊರು, ತಾಲೂಕು, ಸರ್ವೆ ನಂಬರುಗಳನ್ನು ಬರೆದುಕೊಳ್ಳಬೇಕು. ‘ಬಿನ್’ ಎಂದರೆ ಮಗ, ‘ಕೋಂ’ ಎಂದರೆ ಹೆಂಡತಿ, ‘ಅ.ಪಾ.ಕ.’ ಎಂದರೆ ಅಜ್ಞಾನನ, ಅಂದರೆ ವಯಸ್ಸಿಗೆ ಬಾರದವನ, ಪಾಲಕ. ಈ ಮೂರು ಗುರುತುಗಳಿಂದಲೇ ಅರ್ಧ ವಂಶ ಬಿಡಿಸಿಕೊಳ್ಳುತ್ತದೆ. ಗಣಕಯಂತ್ರದ ಪಹಣಿ ಇಂದಿನ ಹೆಸರನ್ನು ತೋರಿಸುತ್ತದೆ. ಹಿಂದಿನವರಿಗಾಗಿ ತಾಲೂಕಿನ ಕೈಬರಹದ ವಹಿಗಳ ನಕಲಿಗೆ ಅರ್ಜಿ ಕೊಡಬೇಕು. ಮುಂಬಯಿ ಸರಕಾರದ ಹಳೆಯ ಕಂದಾಯ ಸಂಪುಟಗಳು ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿ ಬಹುಕಾಲದಿಂದ ನೆಲೆಯಾದ ಮಹಾರಾಷ್ಟ್ರ ರಾಜ್ಯ ಪತ್ರಾಗಾರದಲ್ಲಿವೆ. ಬೆಳಗಾವಿ, ಧಾರವಾಡಗಳ ಎಷ್ಟೋ ಸಂಗತಿಗಳಿಗೆ ಹೀಗೆ ಲೋಕಲ್ ಗಾಡಿ ಹತ್ತಿದರೆ ಸಾಕು.

ಆದರೆ ದಫ್ತರವು ಕಾದೀತು, ಹಿರಿಯರು ಕಾಯಲಾರರು. ವಹಿಯಲ್ಲಿ ಬಿಟ್ಟುಹೋದ ತಮ್ಮ ಯಾರು, ಮಗಳನ್ನು ಯಾವ ಊರಿಗೆ ಕೊಟ್ಟರು, ಗೇಣಿ ಎಷ್ಟು ಮುಡಿ ಅಳೆಯುತ್ತಿದ್ದರು ಎಂಬುದನ್ನು ಹೇಳಬಲ್ಲವರು ಅವರೊಬ್ಬರೇ. ನಮ್ಮ ಮಕ್ಕಳು ಈ ಊರಿನಲ್ಲಿಯೇ ಹುಟ್ಟಿ ಬೆಳೆದವರು. ಊರೆಂದರೆ ಅವರಿಗೆ ಬೇಸಿಗೆಯ ರಜೆ. ಈ ರಾಜ್ಯೋತ್ಸವದ ನೆಪದಿಂದ ಪ್ರತಿ ಮನೆಯವರೂ ಒಂದು ವಹಿಯನ್ನು ತೆರೆದು, ಬಲ್ಲ ಹಿರಿಯರನ್ನು ಕೇಳಿ, ಗಂಡಸರ ಹೆಸರಿನೊಡನೆ ಹೆಂಗಸರ ಹೆಸರನ್ನೂ ಬರೆದು, ಊರು ಬಿಟ್ಟ ಇಸವಿಯನ್ನು ಕಾಣಿಸಲಿ. ಸರಕಾರದ ಕಾರಕೂನನು ಬರೆಯದೆ ಬಿಟ್ಟುದನ್ನು ತುಂಬುವ ಕೆಲಸ ನಮ್ಮದು. ಅದನ್ನು ಕನ್ನಡದಲ್ಲಿಯೇ ತುಂಬೋಣ.