ಹೇಳಿ ಮಾಡಿಸಿದ ಕೋವಿಗೆ ಬೆಲೆ ಕಟ್ಟುವ ಬಗೆ

ತ್ರಿಪ್ಲಿಕೇನಿನಲ್ಲಿ ವಾಸವಾಗಿರುವ ನಮ್ಮವರಿಗೆ ಚೇಪಾಕ್ ಅರಮನೆಯ ಕೆಂಪು ಗೋಡೆಗಳು ಕಣ್ಣಿಗೆ ಬೀಳದ ದಿನವಿಲ್ಲ. ಆರ್ಕಾಟಿನ ನವಾಬ ಮಹಮ್ಮದ್ ಅಲಿಗಾಗಿ 1768ರಲ್ಲಿ ಎದ್ದ ಕಟ್ಟಡವದು. ಮರುವರ್ಷವೇ, ನವಾಬನ ಕಡುವೈರಿಯಾದ ನಮ್ಮ ಮೈಸೂರಿನ ಹೈದರಾಲಿ ಕುದುರೆ ಸವಾರರೊಡನೆ ಮದರಾಸಿನ ಹೊಸ್ತಿಲಿಗೇ ಬಂದು, ಕಂಪನಿಯವರಿಂದ ಒಪ್ಪಂದ ಬರೆಸಿಕೊಂಡು ಹಿಂದಿರುಗಿದ. ಮೂವತ್ತು ವರ್ಷಗಳ ನಂತರ, 1799ರ ಮೇ 4ರಂದು, ಶ್ರೀರಂಗಪಟ್ಟಣ ಬಿದ್ದಿತು. ಕೋಟೆಯೊಳಗೆ ಸಿಕ್ಕಿದ ಬಂದೂಕುಗಳು ಒಂದು ಲಕ್ಷಕ್ಕೆ ಸಮೀಪ. ಇವುಗಳಲ್ಲಿ ಬಹುಪಾಲು ಸಿಪಾಯಿಗಳಿಗೆಂದು ಮಾಡಿದ ಸಾಧಾರಣ ಕೋವಿಗಳು. ಟಿಪ್ಪು ತನಗಾಗಿ ಹೇಳಿ ಮಾಡಿಸಿದವು ಬೆರಳೆಣಿಕೆಯಷ್ಟು. ಅವು ಗೆದ್ದವರ ಪೆಟ್ಟಿಗೆ ಸೇರಿ ಕಡಲು ದಾಟಿದವು. ಇಂದು ಹರಾಜಿಗೆ ಬಂದಾಗಲೆಲ್ಲ ಪತ್ರಿಕೆಗಳ ಸುದ್ದಿಯಾಗುತ್ತವೆ.

ಬೆಲೆ ಕೇಳಿದ ಕೂಡಲೇ ನಮ್ಮ ಜನ ಊರಿನ ಅಟ್ಟವನ್ನು ನೆನೆಯುತ್ತಾರೆ. ಮಲೆನಾಡು, ಕೊಡಗು, ಮೈಸೂರು ಸೀಮೆಯ ಎಷ್ಟೋ ಮನೆಗಳಲ್ಲಿ ಅಜ್ಜನ ಕಾಲದ ಕೋವಿಯೊಂದು ತೊಲೆಯ ಸಂದಿಯಲ್ಲಿ ಇದ್ದೇ ಇರುತ್ತದೆ. ಅದಕ್ಕೆ ನ್ಯಾಯವಾದ ಬೆಲೆ ಎಷ್ಟು? ಉತ್ತರಕ್ಕೆ ಮೊದಲು ಅದರ ಯಂತ್ರವನ್ನು ಸ್ವಲ್ಪ ತಿಳಿಯಬೇಕು.

ಚಕಮಕಿ ಬಂದೂಕಿನಲ್ಲಿ ತೋಟಾ ಇಲ್ಲ. ಮದ್ದನ್ನೂ ಗುಂಡನ್ನೂ ನಳಿಗೆಯ ಬಾಯಿಂದ ಹಾಕಿ ಗಜದಿಂದ ಜಡಿಯಬೇಕು. ಪಕ್ಕದಲ್ಲಿ ಚಕಮಕಿ ಕಲ್ಲನ್ನು ಕಚ್ಚಿ ಹಿಡಿದ ಕುದುರೆ. ಅದರೆದುರು ಗಟ್ಟಿ ಉಕ್ಕಿನ ಒಂದು ತಗಡು. ತಗಡಿನ ಬುಡದಲ್ಲಿ ಚಿಟಿಕೆ ಮದ್ದು ಹಿಡಿಯುವ ಪುಟ್ಟ ಬಟ್ಟಲು. ಟ್ರಿಗರ್ ಎಳೆದರೆ ಕಲ್ಲು ಉಕ್ಕನ್ನು ಕೆರೆದು ಕಿಡಿ ಉದುರಿಸುತ್ತದೆ, ಬಟ್ಟಲಿನ ಮದ್ದು ಹತ್ತುತ್ತದೆ, ಬೆಂಕಿ ಸಣ್ಣ ತೂತಿನ ಮೂಲಕ ಒಳಗೆ ಹೊಕ್ಕು ಗುಂಡನ್ನು ಹಾರಿಸುತ್ತದೆ. ಕಿಡಿ ಬರುವುದು ಕಲ್ಲಿನಿಂದಲ್ಲ, ಉಕ್ಕಿನಿಂದ ಸುಲಿದು ಬಂದ ಕಾದ ಪುಡಿಯಿಂದ. ಆದ್ದರಿಂದಲೇ ಆ ತಗಡು ಸವೆದಿದ್ದರೆ ಬಂದೂಕು ಹೊರಗೆ ಎಷ್ಟು ಅಂದವಾಗಿದ್ದರೂ ಮೂಗಬಸವ.

ಹಳೆಯ ಕೋವಿ ಕೈಗೆ ಬಂದರೆ ಮೊದಲು ಮಾಡಬೇಕಾದ ಕೆಲಸ ಬೆಲೆಯ ವಿಚಾರವಲ್ಲ, ಜೀವದ ವಿಚಾರ. ಒಳಗೆ ಮದ್ದು ಉಳಿದಿರಬಹುದು; ಕಪ್ಪು ಮದ್ದು ಹತ್ತಾರು ವರ್ಷ ಕಳೆದರೂ ಸಾಯುವುದಿಲ್ಲ. ನಳಿಗೆಯ ಬಾಯನ್ನು ಮುಖದಿಂದ ದೂರವಿಟ್ಟು, ಮರದ ಕಡ್ಡಿಯೊಂದನ್ನು ಮೆಲ್ಲನೆ ಒಳಗೆ ಬಿಟ್ಟು ಬಾಯಿಯ ಮಟ್ಟದಲ್ಲಿ ಗುರುತು ಹಾಕಿ ತೆಗೆಯಿರಿ. ಅದೇ ಕಡ್ಡಿಯನ್ನು ನಳಿಗೆಯ ಹೊರಮೈಗೆ ಹಿಡಿದಾಗ ತುದಿ ಬೆಂಕಿಯ ತೂತಿನವರೆಗೆ ಮುಟ್ಟದೆ ಎರಡು ಮೂರು ಬೆರಳು ಹಿಂದೆಯೇ ನಿಂತರೆ, ಕೋವಿಯನ್ನು ಇದ್ದಲ್ಲಿಯೇ ಬಿಟ್ಟು ತಿಳಿದವರನ್ನು ಕರೆಯಬೇಕು.

ಆಮೇಲೆ ಪರೀಕ್ಷೆ. ಕುದುರೆಯನ್ನು ಅರ್ಧಕ್ಕೆ ಎತ್ತಿ ನಿಲ್ಲಿಸಿದಾಗ ಟ್ರಿಗರಿಗೆ ಅದು ಬೀಳಬಾರದು. ನಳಿಗೆ ಎಲ್ಲಿಯೂ ಉಬ್ಬಿರಬಾರದು. ಎಲ್ಲಕ್ಕಿಂತ ದೊಡ್ಡ ಮೋಸ ಬೆಂಕಿಯ ತೂತಿನ ಸುತ್ತ ಅಡಗಿರುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಕೇಪು ಬಂದ ಮೇಲೆ ಸಾವಿರಾರು ಚಕಮಕಿ ಬಂದೂಕುಗಳ ಬಟ್ಟಲನ್ನು ಕಿತ್ತು ಕೇಪಿಗೆ ಮಾರ್ಪಡಿಸಿದರು. ಮುಂದೆ ಹಳೆಯ ವಸ್ತು ಸಂಗ್ರಹಿಸುವವರು ಚಕಮಕಿಗೇ ಹೆಚ್ಚು ಬೆಲೆ ಕೊಡುತ್ತಾರೆಂದು ಗೊತ್ತಾದಾಗ, ವ್ಯಾಪಾರಿಗಳು ಅದನ್ನೇ ತಿರುಗಿ ಚಕಮಕಿ ಮಾಡಿದರು! ತೂತಿನ ಬಳಿ ಬೆಸುಗೆಯ ಕಲೆ, ಪಕ್ಕದ ತಗಡಿನಲ್ಲಿ ತುಂಬಿದ ಹಳೆಯ ತಿರುಪಿನ ತೂತುಗಳು, ಸುತ್ತಲಿನ ಕಬ್ಬಿಣ ತುಕ್ಕಿನಿಂದ ಕೊರೆದಿದ್ದರೂ ಬಟ್ಟಲು ಮಾತ್ರ ಹೊಚ್ಚ ಹೊಸದು - ಇವು ಕಂಡರೆ ಬೆಲೆ ಇಳಿಯಲೇಬೇಕು. ಮದ್ದು ಸುಟ್ಟ ಜಾಗದಲ್ಲಿ ತುಕ್ಕು ಇರುವುದೇ ಸಹಜ.

ಶ್ರೀರಂಗಪಟ್ಟಣದ ಅರಸು ಕೋವಿಗಳ ವಿಷಯಕ್ಕೆ ಬಂದರೆ ಓದಬೇಕಾದ ಗುರುತುಗಳು ಬೇರೆ. ಬಬ್ರಿ ಎಂದು ಕರೆಯುವ ಹುಲಿಪಟ್ಟೆ, ಹುಲಿಯ ರೂಪ ತಳೆದ ಕುದುರೆ, ಹೈದರನ ಹೆಸರನ್ನು ಸೂಚಿಸುವ ಮುದ್ರೆ, ಪಟ್ಟಣದಲ್ಲಿ ತಯಾರಾಯಿತೆಂಬ ಬರಹ, ಮಾಡಿದವನ ಹೆಸರು, ಇಸವಿ. ಹುಲಿಪಟ್ಟೆಯನ್ನು ಯಾವ ಅಕ್ಕಸಾಲಿಯೂ ಇಂದು ಕೂರಿಸಬಲ್ಲ. ಇಸವಿಯಲ್ಲಿಯೇ ಹೆಚ್ಚಿನ ಕಳ್ಳರು ಸಿಕ್ಕಿಬೀಳುವುದು.

ಟಿಪ್ಪು 1787ರ ಸುಮಾರಿಗೆ ಹಿಜರಿ ಶಕೆಯನ್ನು ಬಿಟ್ಟು ಮೌಲೂದಿ ಎಂಬ ಹೊಸ ಎಣಿಕೆಯನ್ನು ತಂದ. ಹೆಸರು ಹೊಸದಾದರೂ ಒಳಗಿನ ಲೆಕ್ಕ ನಮ್ಮ ಪಂಚಾಂಗದ್ದೇ: ಯುಗಾದಿಯ ಆಸುಪಾಸಿಗೆ ವರ್ಷಾರಂಭ, ಅರವತ್ತು ಸಂವತ್ಸರಗಳ ಚಕ್ರ, ಆದರೆ ಪ್ರಭವ ವಿಭವಗಳ ಬದಲು ಅವನೇ ಇಟ್ಟ ಹೆಸರುಗಳು. ಮೌಲೂದಿ ವರ್ಷಕ್ಕೆ 572 ಕೂಡಿಸಿದರೆ ಕ್ರಿಸ್ತಶಕ ಸಿಗುತ್ತದೆ. ಜೊತೆಗೆ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಯುವ ಕ್ರಮವನ್ನೂ ತಂದ. 1224 ಎಂಬುದನ್ನು ನಮ್ಮಂತೆ ಎಡದಿಂದ ಓದಿದರೆ 4221 ಎಂದು ಕಾಣುತ್ತದೆ. ಅದು ಕ್ರಿಸ್ತಶಕ 1796-97. ಇದನ್ನರಿಯದವನು ಕೆತ್ತಿದ ಸುಳ್ಳು ಇಸವಿ ತಾನೇ ಬಾಯಿಬಿಡುತ್ತದೆ. ಆ ಹದಿಮೂರು ವರ್ಷಗಳಲ್ಲಿ 1221 ಒಂದೇ ಯಾವ ಕಡೆಯಿಂದ ಓದಿದರೂ ಬದಲಾಗದ ಅಂಕಿ. ಅದು 1793-94, ನಮ್ಮ ಪ್ರಮಾದೀಚ ಸಂವತ್ಸರ.

ಈಗ ಎರಡು ಬೆಲೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡೋಣ. 2019ರ ಮಾರ್ಚಿಯಲ್ಲಿ ಇಂಗ್ಲೆಂಡಿನ ಬರ್ಕ್‌ಷೈರಿನಲ್ಲಿ ಬೆಳ್ಳಿಯ ಕಟ್ಟಿನ ಒಂದು ಕೋವಿಯೂ ಅದರ ಸನೀನೂ 60,000 ಪೌಂಡಿಗೆ ಹೋದವು. ಅಂದಿನ ಲೆಕ್ಕದಲ್ಲಿ ಸುಮಾರು 55 ಲಕ್ಷ ರೂಪಾಯಿ. ಕಂಪನಿಯ ಮೇಜರ್ ಥಾಮಸ್ ಹಾರ್ಟನ ವಂಶದವರ ಅಟ್ಟದಲ್ಲಿದ್ದ ವಸ್ತುವದು. ಕಾಳಗದಲ್ಲಿ ಪೆಟ್ಟು ತಿಂದ ಗುರುತು ಅದರ ಮೈಮೇಲಿತ್ತು, ಹರಾಜಿನವರು ಅದನ್ನೇ ಹೆಗ್ಗಳಿಕೆಯಾಗಿ ಸಾರಿದರು. ಇನ್ನೊಂದು, 2023ರಲ್ಲಿ ಬ್ರಿಟಿಷ್ ಸರ್ಕಾರ ದೇಶದಿಂದ ಹೊರಹೋಗದಂತೆ ತಾತ್ಕಾಲಿಕವಾಗಿ ತಡೆದ ಬೇಟೆಯ ಕೋವಿ. ಅದಕ್ಕೆ ಕಟ್ಟಿದ ಬೆಲೆ 20 ಲಕ್ಷ ಪೌಂಡು, ಎಂದರೆ ಸುಮಾರು 20 ಕೋಟಿ ರೂಪಾಯಿ. ಎರಡೂ ಟಿಪ್ಪುವಿನವೆಂದೇ ಹೆಸರಾದವು. ಮೂವತ್ತು ಪಟ್ಟಿಗೂ ಮೀರಿದ ಅಂತರ ಎಲ್ಲಿಂದ ಬಂತು?

ಗಾತ್ರದಿಂದಲ್ಲ. ಮೊದಲನೆಯದು 20 ಬೋರು, ಎರಡನೆಯದು 14 ಬೋರು. ಬೋರು ಎಂದರೆ ನಳಿಗೆಗೆ ಸರಿಹೊಂದುವ ಸೀಸದ ಗುಂಡುಗಳು ಒಂದು ಪೌಂಡಿಗೆ ಎಷ್ಟು ಎಂಬ ಲೆಕ್ಕ. 14ರ ಗುಂಡು ಸುಮಾರು 32 ಗ್ರಾಂ, 20ರದು 23 ಗ್ರಾಂ, ಅಷ್ಟೇ. ಎರಡನೆಯದರ ಹಿರಿಮೆ ಕೈಚಳಕದಲ್ಲಿದೆ. ಮರಳಿ ಮದ್ದು ತುಂಬದೆ ಎರಡು ಸಲ ಹಾರಿಸುವ ಯಂತ್ರ ಅದರಲ್ಲಿದೆ. ಮಾಡಿದವನು ತನ್ನ ಹೆಸರನ್ನು ಬರೆದಿದ್ದಾನೆ: ಅಸದ್ ಖಾನ್ ಮಹಮ್ಮದ್. ಇಸವಿ 1793-94. ಯುರೋಪಿನ ಮಾದರಿಗಳನ್ನು ನೋಡಿ ಕಲಿತು, ಅವರಿಗೆ ಸರಿಸಮನಾಗಿ ಕೆಲಸ ಮಾಡಿದ ಕಮ್ಮಾರರು ಕಾವೇರಿಯ ದಂಡೆಯಲ್ಲಿದ್ದರೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಅರಸನ ಹೆಸರು ಬೆಲೆಯನ್ನು ಏರಿಸುತ್ತದೆ, ನಿಜ. ಆದರೆ ನಮ್ಮ ಲೆಕ್ಕದಲ್ಲಿ ಹೆಚ್ಚು ತೂಗುವ ಹೆಸರು ಕಮ್ಮಾರನದು.

ಆ ಕೋವಿ ಕಾರ್ನ್‌ವಾಲಿಸನಿಗೆ ಕಾಣಿಕೆಯಾಗಿ ಸಂದಿತ್ತೆಂಬ ಮಾತೂ ಇದೆ. ಇಲ್ಲಿ ಸ್ವಲ್ಪ ನಿಲ್ಲಬೇಕು. ಕಾರ್ನ್‌ವಾಲಿಸ್ 1792ರಲ್ಲಿ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಪಡೆದವನು. ಆ ದೃಶ್ಯ ನಮ್ಮ ಸೇಂಟ್ ಜಾರ್ಜ್ ಕೋಟೆಯ ಮ್ಯೂಸಿಯಂನಲ್ಲಿರುವ ಅವನ ಪ್ರತಿಮೆಯ ಪೀಠದ ಮೇಲೆಯೇ ಕೆತ್ತಿದೆ. ಅವನು 1793ರಲ್ಲಿ ಹಿಂದೂಸ್ತಾನವನ್ನು ಬಿಟ್ಟ, ಮತ್ತೆ ಬಂದದ್ದು 1805ರಲ್ಲಿ. 1793-94ರ ಕೋವಿಯನ್ನು ಟಿಪ್ಪುವೇ ಅವನ ಕೈಗಿತ್ತನೆನ್ನುವುದು ಕಷ್ಟ. ಪಟ್ಟಣ ಬಿದ್ದ ಮೇಲೆ ಲೂಟಿಯಲ್ಲಿ ಹೋದದ್ದನ್ನು ಯಾರೋ ಅವನಿಗೆ ಒಪ್ಪಿಸಿದರೆನ್ನುವುದು ಸುಲಭ. ಮಾರುವವನ ಕಥೆಯನ್ನು ಹೀಗೆ ಇಸವಿಯ ಎದುರಿಗೆ ನಿಲ್ಲಿಸಿ ಕೇಳಬೇಕು. ಕಥೆಗೆ ಕಾಗದದ ಬೆಂಬಲವಿದ್ದರೆ ಮಾತ್ರ ಹಣ. ಬರಿಯ ಬಾಯಿಮಾತಿಗೆ ನಾವಾದರೆ ಬಿಡಿಗಾಸು ಹೆಚ್ಚಿಗೆ ಕೊಡೆವು.

ಬೆಲೆ ತಿಳಿಯದೆ ಕೈಬಿಟ್ಟರೆ ಏನಾಗುತ್ತದೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ತಂಜಾವೂರಿನ ಅರಮನೆಯ ಆಯುಧಶಾಲೆಯನ್ನು 1863ರಲ್ಲಿ ಬರಿದು ಮಾಡಿದಾಗ, ಆಯ್ದ ಕೆಲವು ವಸ್ತುಗಳು ಮದರಾಸಿನ ಮ್ಯೂಸಿಯಂಗೆ ಬಂದವು. ಉಳಿದ ರಾಶಿಯನ್ನು ಮುರಿದು ಹಳೆಯ ಕಬ್ಬಿಣವೆಂದು ತೂಕಕ್ಕೆ ಮಾರಿದರು. ಕತ್ತಿ, ಕಠಾರಿ, ಭರ್ಜಿಗಳಿಗೆ ಅಂದು ಸಿಕ್ಕ ಬೆಲೆ ಸೇರಿಗೆ ಇಷ್ಟು ಎಂದು. ಉಳಿದುಕೊಂಡವನ್ನು ಎಗ್ಮೋರಿನಲ್ಲಿ ಈಗಲೂ ನೋಡಬಹುದು. ಮಕ್ಕಳನ್ನು ಕರೆದೊಯ್ದು ಒಂದು ಭಾನುವಾರ ನೋಡಿಬರುವುದು ಒಳ್ಳೆಯದು.

ಹಾಗಾದರೆ ಅಟ್ಟದ ಕೋವಿಗೆ ಎಷ್ಟು? ಲಂಡನ್ನಿನ ಬೆಲೆಯನ್ನು ಮೊದಲು ಮನಸ್ಸಿನಿಂದ ತೆಗೆಯಬೇಕು. 1972ರ ಪುರಾತನ ವಸ್ತುಗಳ ಕಾಯಿದೆಯಂತೆ ನೂರು ವರ್ಷ ದಾಟಿದ ಇಂಥ ವಸ್ತುವನ್ನು ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ. ಇವುಗಳ ವ್ಯಾಪಾರ ಮಾಡುವವನಿಗೆ ಲೈಸೆನ್ಸು ಇರಬೇಕು. ಆದ್ದರಿಂದ ಇಲ್ಲಿನ ನ್ಯಾಯಬೆಲೆಯನ್ನು ಇಲ್ಲಿನ ಸಂಗ್ರಹಕಾರರೂ ಮ್ಯೂಸಿಯಂಗಳೂ ಕೊಡುವುದರಿಂದಲೇ ಅಳೆಯಬೇಕು. ಕೊಡಗಿನವರ ಮಾತು ಬೇರೆ: 1861ರಿಂದ ಬಂದ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಇನ್ನೂ ಹತ್ತು ವರ್ಷಕ್ಕೆ ಮುಂದುವರಿಸಿದೆ. ಕೈಲು ಮುಹೂರ್ತದಂದು ಹೂವಿಟ್ಟು ಪೂಜಿಸುವ ಕೋವಿಗೆ ಅವರು ಬೆಲೆ ಕೇಳುವವರೂ ಅಲ್ಲ.

ಉಳಿದವರಿಗೆ 1959ರ ಆಯುಧ ಕಾಯಿದೆ ಅನ್ವಯಿಸುತ್ತದೆ. ಕಡತಗಳ ನಡುವೆ ಬಾಳುವ ನಮಗೆ ಅದರ 45ನೆಯ ಕಲಮಿನ ಒಂದು ಪದ ಬಹಳ ಹಿಡಿಸಿತು. ಹಳೆಯ ಮಾದರಿಯ ಅಥವಾ ಪುರಾತನ ಮೌಲ್ಯದ ಆಯುಧಕ್ಕೆ ಕಾಯಿದೆಯಿಂದ ಬಿಡುಗಡೆ ಉಂಟು, ಆದರೆ ಅದು ರಿಪೇರಿ ಮಾಡಿದರೂ ಮಾಡದಿದ್ದರೂ ಹಾರಿಸಲು ಬಾರದಂತಿರಬೇಕು. ಆದುದರಿಂದ ಹುಣಿಸೆಹಣ್ಣು ಹಾಕಿ ತಿಕ್ಕಿ ಹೊಳಪು ತರುವ, ಕಮ್ಮಾರನ ಬಳಿ ಒಯ್ದು ಕುದುರೆ ಬಿಗಿಸುವ ಉತ್ಸಾಹ ಬೇಡ. ತಿಕ್ಕಿದರೆ ಮಾಡಿದವನ ಹೆಸರು ಅಳಿಯುತ್ತದೆ, ಬಿಗಿಸಿದರೆ ಪೊಲೀಸ್ ಠಾಣೆಯ ದಾರಿ ತೆರೆಯುತ್ತದೆ. ಬರಹದ ಭಾಗದ ಫೋಟೋ ತೆಗೆದು ಪರ್ಷಿಯನ್ ಬಲ್ಲವರಿಗೆ ತೋರಿಸಿ. ಬಬ್ರಿಯ ಕೆಳಗೆ ಪಟ್ಟಣದ ಹೆಸರು ಸಿಕ್ಕರೆ, ಮಾರುವ ಮಾತನ್ನು ಎತ್ತುವ ಮುನ್ನ ಮ್ಯೂಸಿಯಂನವರಿಗೆ ಒಂದು ಕಾಗದ ಬರೆಯಿರಿ.