ನಫ್ಸ್

ಅರಬ್ಬೀ ಭಾಷೆಯ ‘ನಫ್ಸ್’ ಎಂಬ ಪದವು ಉಸಿರೆಂಬ ಅರ್ಥದ ‘ನಫಸ್’ ಎಂಬುದರ ಒಡಹುಟ್ಟು. ಜೀವ, ಆತ್ಮ, ವ್ಯಕ್ತಿ ಎಂಬ ಅರ್ಥಗಳನ್ನು ಹೊತ್ತಿರುವುದಲ್ಲದೆ, ನಮ್ಮಲ್ಲಿ ‘ತನ್ನನ್ನು’ ಎಂಬ ಸರ್ವನಾಮವು ಮಾಡುವ ಕೆಲಸವನ್ನೂ ಆ ಭಾಷೆಯಲ್ಲಿ ಇದೇ ಮಾಡುತ್ತದೆ. ಒಬ್ಬನು ತನ್ನನ್ನು ತಾನು ಪರೀಕ್ಷಿಸಿಕೊಂಡನೆಂಬುದನ್ನು ಅರಬ್ಬೀ ಮಾತನಾಡುವವರು, ಅವನು ತನ್ನ ನಫ್ಸನ್ನು ಪರೀಕ್ಷಿಸಿದನೆಂದೇ ಹೇಳುವರು. ಮನುಷ್ಯಸ್ವಭಾವದ ಅಳತೆಯನ್ನು ಕುರಿತ ಇಸ್ಲಾಮೀ ಚಿಂತನೆಯ ಬಹುಭಾಗವು ಈ ವ್ಯಾಕರಣದೊಳಗೇ ಅಡಗಿದೆಯೆಂದು ನನಗೆ ತೋರುತ್ತದೆ.

ಉರ್ದುವಿಗೆ ಬಂದ ಮೇಲೆ ಈ ಪದಕ್ಕೆ ಕೆಟ್ಟ ಹೆಸರೇ ಹೆಚ್ಚಾಗಿ ಅಂಟಿಕೊಂಡಿತು. ‘ನಫ್ಸ್‌ಪರಸ್ತ್’ ಎಂದರೆ ವಿಷಯಲೋಲುಪನೆಂದೇ ಅರ್ಥ. ಆದರೆ ಕುರ್‌ಆನಿನಲ್ಲಿ ಅದಕ್ಕೆ ಮೂರು ವಿಶೇಷಣಗಳುಂಟು: ಯೂಸುಫರ ಕಥೆಯ ನಡುವೆ ಬರುವ ‘ಅಮ್ಮಾರ’, ಕೇಡಿಗೆ ಪ್ರೇರಿಸತಕ್ಕದ್ದು, 75ನೆಯ ಅಧ್ಯಾಯದ ಆರಂಭದಲ್ಲಿ ಬರುವ ‘ಲವ್ವಾಮ’, ತನ್ನನ್ನು ತಾನೇ ಹಳಿದುಕೊಳ್ಳತಕ್ಕದ್ದು, 89ನೆಯ ಅಧ್ಯಾಯದ ಕೊನೆಯಲ್ಲಿ ಬರುವ ‘ಮುತ್ಮಇನ್ನ’, ನೆಮ್ಮದಿಗೊಂಡದ್ದು. ಇವು ಮೂರು ಜಾತಿಯ ಮನುಷ್ಯರಲ್ಲ, ಒಬ್ಬನೇ ಮನುಷ್ಯನು ಹಾದುಹೋಗುವ ಅವಸ್ಥೆಗಳೆಂದು ವ್ಯಾಖ್ಯಾನಿಸಿದವರ ಮಾತನ್ನೇ ನಾನು ಒಪ್ಪುತ್ತೇನೆ.

ಬಸ್ರಾದಲ್ಲಿ ಜನಿಸಿ ಬಾಗ್ದಾದಿನಲ್ಲಿ 857ರಲ್ಲಿ ತೀರಿಕೊಂಡ ಹಾರಿಸನೆಂಬ ಸೂಫಿ ಚಿಂತಕನಿಗೆ ‘ಮುಹಾಸಿಬಿ’ ಎಂಬ ಹೆಸರು ಬಂದದ್ದೇ ಅವನು ಮಾಡಿಕೊಳ್ಳುತ್ತಿದ್ದ ಆತ್ಮದ ಲೆಕ್ಕದಿಂದ. ನಮ್ಮ ಉತ್ತರ ಕರ್ನಾಟಕದ ಅಂಗಡಿಗಳಲ್ಲಿ ಇಂದಿಗೂ ಕೇಳಿಬರುವ ‘ಹಿಸಾಬು’ ಆ ಹೆಸರಿನ ಧಾತುವಿನಿಂದಲೇ ಹುಟ್ಟಿದ್ದು. ಈ ಲೆಕ್ಕದ ವಿಧಾನವನ್ನು ಸಾಂಗವಾಗಿ ವಿವರಿಸಿದವನು 1111ರಲ್ಲಿ ಕಾಲವಾದ ಗಜ್ಜಾಲಿ. ಅವನ ‘ಇಹ್ಯಾ’ ಎಂಬ ಮಹಾಗ್ರಂಥದ 40 ಭಾಗಗಳಲ್ಲಿ 38ನೆಯದು ಇದಕ್ಕೇ ಮೀಸಲು. ಅಲ್ಲಿ ಬುದ್ಧಿಯು ವ್ಯಾಪಾರಿ, ನಫ್ಸು ಅವನ ಪಾಲುಗಾರ, ಆಯುಷ್ಯವೇ ಬಂಡವಾಳ. ಬೆಳಗಿನ ಪ್ರಾರ್ಥನೆ ಮುಗಿದೊಡನೆ ವ್ಯಾಪಾರಿಯು ಪಾಲುಗಾರನೊಡನೆ ಕರಾರು ಮಾಡಿಕೊಳ್ಳಬೇಕು: ಈ ದಿನ ಕಣ್ಣು ಏನನ್ನು ನೋಡಬಾರದು, ನಾಲಗೆ ಏನನ್ನು ಆಡಬಾರದು ಎಂದು ಅವಯವ ಅವಯವಕ್ಕೂ ಷರತ್ತು ವಿಧಿಸಬೇಕು, ಹಗಲೆಲ್ಲ ಅವನ ಮೇಲೆ ಕಣ್ಣಿಟ್ಟಿರಬೇಕು, ದಿನದ ಕೊನೆಗೆ ಕುಳಿತು ಲಾಭನಷ್ಟವನ್ನು ತಾಳೆ ನೋಡಬೇಕು, ನಷ್ಟ ಕಂಡುಬಂದರೆ ದಂಡ ಹಾಕಿ, ಆಲಸ್ಯ ಕಂಡುಬಂದರೆ ಹೆಚ್ಚಿನ ದುಡಿಮೆ ಹೊರಿಸಿ, ಅದೂ ಸಾಲದಾದರೆ ಮುಖಾಮುಖಿಯಾಗಿ ಛೀಮಾರಿ ಹಾಕಬೇಕು. ಪಾಲುಗಾರನು ಸುಳ್ಳುಲೆಕ್ಕ ಬರೆಯುವುದರಲ್ಲಿ ನಿಸ್ಸೀಮನೆಂಬುದನ್ನು ಗಜ್ಜಾಲಿ ಒಮ್ಮೆಯೂ ಮರೆಯುವುದಿಲ್ಲ. ಅಷ್ಟು ನಿಷ್ಠುರವಾದ ಮನಶ್ಶಾಸ್ತ್ರವನ್ನು ನಾನು ಬೇರೆಡೆ ಹೆಚ್ಚಾಗಿ ಕಂಡಿಲ್ಲ.

ಇಂದು ಅರಬ್ಬೀಯಲ್ಲಿ ಮನಶ್ಶಾಸ್ತ್ರಕ್ಕೆ ‘ಇಲ್ಮುನ್ನಫ್ಸ್’ ಎಂದೂ ಉರ್ದುವಿನಲ್ಲಿ ‘ನಫ್ಸಿಯಾತ್’ ಎಂದೂ ಹೆಸರು. ಪಾಶ್ಚಾತ್ಯರ ಮಾಪನಗಳನ್ನು ವಿಚಾರಮಾಡದೆ ಹಿಂಬಾಲಿಸುವುದರ ವಿರುದ್ಧ ಸೂಡಾನಿನ ಮನಶ್ಶಾಸ್ತ್ರಜ್ಞ ಮಲಿಕ್ ಬದ್ರಿಯವರು 1979ರಲ್ಲಿಯೇ ಪುಸ್ತಕ ಬರೆದು ಎಚ್ಚರಿಸಿದರು. 2008ರಲ್ಲಿ ಇಸ್ಲಾಮೀ ಧಾರ್ಮಿಕತೆಯನ್ನು ಅಳೆಯುವ ಪ್ರಶ್ನಾವಳಿಯೊಂದು ಪ್ರಕಟವಾಯಿತು. ಮಲೇಶಿಯಾದ ವಿದ್ವಾಂಸರೂ ಇಂಥವನ್ನು ರಚಿಸಿದ್ದಾರೆ. ಪರಿಶ್ರಮವು ಶ್ಲಾಘ್ಯವೇ. ದುಃಖದಲ್ಲಿರುವವನಿಗೆ ಅವನ ಶ್ರದ್ಧೆಯನ್ನು ಅರಿತು ನೆರವಾಗಬೇಕಾದ ವೈದ್ಯನಿಗೆ ಇವು ನಿಶ್ಚಯವಾಗಿಯೂ ಉಪಯುಕ್ತ. ಆದರೆ ತನಗೆ ತಾನೇ ಅಂಕ ಕೊಟ್ಟು ಪರರಿಗೆ ತೋರಿಸುವುದರಲ್ಲಿ ಒಂದು ಅಪಾಯವುಂಟು. ಪರರ ಕಣ್ಣಿಗಾಗಿ ಮಾಡುವ ಪುಣ್ಯಕ್ಕೆ ‘ರಿಯಾ’ ಎಂದು ಹೆಸರು. ಮುಹಾಸಿಬಿಯು ತನ್ನ ಗ್ರಂಥದಲ್ಲಿ ಸುದೀರ್ಘವಾಗಿ ಬೆನ್ನಟ್ಟಿದ್ದು ಈ ದೋಷವನ್ನೇ. ತನ್ನ ಸಹನೆಗೆ, ತನ್ನ ಕೃತಜ್ಞತೆಗೆ ಐದರಲ್ಲಿ ಎಷ್ಟು ಅಂಕವೆಂದು ಪರರ ಕಾಗದದಲ್ಲಿ ಗುರುತು ಹಾಕುವಾಗ, ‘ಅಮ್ಮಾರ’ದ ವಶದಲ್ಲಿರುವವನು ಸಂಕೋಚವಿಲ್ಲದೆ ಐದನ್ನು ಬರೆದಾನು, ‘ಲವ್ವಾಮ’ವು ಜಾಗೃತವಾಗಿರುವವನಾದರೋ ನಿನ್ನೆಯ ಒಂದು ಬಿರುನುಡಿಯನ್ನು ನೆನೆದು ಎರಡಕ್ಕೇ ನಿಂತಾನು. ಆದುದರಿಂದ ಆ ಅಂಕಗಳನ್ನು ಚಿಕಿತ್ಸೆಯ ಕೋಣೆಯಿಂದ ಹೊರತಂದು, ಯಾವನು ಹೆಚ್ಚು ಧರ್ಮಿಷ್ಠನೆಂದು ನಿರ್ಣಯಿಸುವುದಕ್ಕೆ ಬಳಸುವುದನ್ನು ನಾನು ಒಪ್ಪಲಾರೆ.